ನೆಲಕ್ಕೆ ಕೆನ್ನೆಯಿಟ್ಟು ನೋಡುವ ಕೊರಗಪ್ಪ

ಕುವೈತಿನ ಜಾಬ್ರಿಯಾದ ಮಸೀದಿಯಲ್ಲಿ ಬೆಳಗಿನ ಬಾಂಗು ಆಗಷ್ಟೇ ಮುಗಿದಿದೆ. ಜನವರಿಯ ಚಳಿಗೆ ಬೀದಿಯ ಕಾರುಗಳ ಗಾಜೆಲ್ಲ ಮಸುಕಾಗಿದೆ. ಅಲ್ಲೊಂದು ದೊಡ್ಡ ಮನೆಯ ಹಜಾರದಲ್ಲಿ, ನರೆಗೂದಲಿನ ಒಬ್ಬರು ಮಗ್ಗುಲಾಗಿ ಮಲಗಿದ್ದಾರೆ. ಬಲಗೆನ್ನೆ ಅಮೃತಶಿಲೆಗೆ ಅಂಟಿದೆ, ಕಣ್ಣು ಮುಚ್ಚಿದೆ. ಕಂಡವರು ಗಾಬರಿಬಿದ್ದು ಓಡಿ ಬರಬೇಕು. ಅವರು ಬಿದ್ದಿಲ್ಲ. ಕೆಲಸದಲ್ಲಿದ್ದಾರೆ.

"ಬರ್ತಾ ಉಂಟು. ಮೆಲ್ಲ ಬರ್ತಾ ಉಂಟು," ಎನ್ನುತ್ತಾರೆ ಕೊರಗಪ್ಪ.

ಬರುತ್ತಿರುವುದು ಬಿಸಿ. ಕಲ್ಲಿನಡಿ ಸುರುಳಿ ಸುತ್ತಿದ ಪ್ಲಾಸ್ಟಿಕ್ ಕೊಳವೆಯೊಳಗೆ ಬಿಸಿನೀರು ಓಡುತ್ತಿದೆ. ಕುವೈತಿನ ಬಿಸಿಲು ಎಲ್ಲರಿಗೂ ಗೊತ್ತು. ಚಳಿಗಾಲದ ಮುಂಜಾವದಲ್ಲಿ ಇಲ್ಲಿನ ಅಮೃತಶಿಲೆ ಅಂಗಾಲನ್ನು ಹೇಗೆ ಕಚ್ಚುತ್ತದೆ ಎಂಬುದು ಮಾತ್ರ ಇಲ್ಲಿ ಬರಿಗಾಲಲ್ಲಿ ಬದುಕುವವರಿಗಷ್ಟೇ ಗೊತ್ತು.

ಟೈಲ್ಸ್ ಹಾಕಲು ಮೂಲ್ಕಿಯಿಂದ ಬಂದ ಕೊರಗಪ್ಪ ಈಗ ನೆಲ ಬೆಚ್ಚಗೆ ಮಾಡುವ ಮೇಸ್ತ್ರಿ. "ಊರಲ್ಲಿ ಹೇಳಿದ್ರೆ ನಗಾಡ್ತಾರೆ. ಅದನ್ನು ಸೂರ್ಯನೇ ಪುಕ್ಕಟೆ ಮಾಡ್ತಾನಲ್ಲ ಮಾರಾಯಾ, ನಿನ್ನನ್ನು ಯಾಕೆ ಕರೆಸಿದ್ದು ಅಂತ!"

ಕೆನ್ನೆ ಯಾಕೆ? ಸಿಮೆಂಟು ಅವರ ಅಂಗೈಯ ಅರಿವನ್ನು ಎಂದೋ ತಿಂದುಬಿಟ್ಟಿದೆ. ಜೊತೆಗೆ ಕೊಳವೆ ಹಾಕುವ, ಅಬು ಹಲೀಫಾದಿಂದ ವ್ಯಾನ್ ಓಡಿಸಿಕೊಂಡು ಬರುವ ಬರ್ನಾರ್ಡ್ ಈ ಕಥೆಯನ್ನು ಎಲ್ಲರಿಗೂ ಹೇಳುತ್ತಾರೆ: "ಸುರುವಿಗೆ ಇವ್ರು ಕೈಯಿಟ್ಟೇ ನೋಡ್ತಿದ್ದದ್ದು. ಇವ್ರಿಗೆ ಬೆಚ್ಚಗಾಗುವಾಗ ಮನೆಯವ್ರಿಗೆ ದೋಸೆ ಕಾವಲಿ!"

ಇಂದಿನ ಪರೀಕ್ಷೆ ನಗುವಂಥದ್ದಲ್ಲ. ಈ ಮನೆಯ ಅಜ್ಜಿ ಉಮ್ಮು ಸಾಲೆಂ, ಎಲ್ಲರ ಬಾಯಲ್ಲಿ 'ಮಾಮಾ', ಅಂದರೆ ಅಮ್ಮ, ಅಂಗಳದ ಬಾಗಿಲ ಬಳಿ ನೆಲದ ಮೇಲೆ ಕೂತೇ ಸಂಸಾರ ಆಳಿದವರು. ಬರುವವರು, ಹೋಗುವವರು, ಜಗಳ, ಗಾವಾ ಕಾಫಿ, ಎಲ್ಲವೂ ಅವರ ಮುಂದೆಯೇ ಹಾದುಹೋಗಬೇಕು. ಈಗ ಮಂಡಿ ಚಳಿಗೆ ಸೆಟೆಯುತ್ತಿದೆ. ಮಗ ಸಾಲೆಂ ಮಹಡಿಯ ಕೋಣೆಯಲ್ಲಿ ಮೆತ್ತನೆಯ ಕುರ್ಚಿ ಸಿದ್ಧಮಾಡಿದ್ದಾರೆ. ನೆಲ ಬೆಚ್ಚಗಾಗದಿದ್ದರೆ ಮಾಮಾ ಮೇಲಕ್ಕೆ, ಹಾಗೆಂದು ಮಾತಾಗಿದೆ.

ನೀರಿನ ಕೊಳವೆ ಯಾಕೆ, ವಿದ್ಯುತ್ ತಂತಿ ಸಾಕು, ಬೇಗ ಕಾಯುತ್ತದೆ, ನೆಲ ಒಡೆಯುವುದೂ ಬೇಡ ಎಂಬುದು ಮೊದಲಿಗೆ ಸಾಲೆಂ ವಾದವಾಗಿತ್ತು. ಯಾವುದನ್ನು ಆರಿಸುವ ಮೊದಲೂ ಕೊರಗಪ್ಪನವರದ್ದೊಂದು ಪದ್ಧತಿ ಉಂಟು: ಬೂಟು ಬಿಚ್ಚಿ, ಮನೆಯವರು ಕೂರುವಲ್ಲೇ ಕೂರುವುದು. ಮಾಮಾರ ಪಕ್ಕ ಒಂದು ಬೆಳಗು ಪೂರ್ತಿ ಕೂತರು. ಮಾಮಾ ಒಂದೇ ಜಾಗದಲ್ಲಿ ಮಧ್ಯಾಹ್ನದವರೆಗೂ ಅಲುಗುವುದಿಲ್ಲ.

"ಬಚ್ಚಲುಕೋಣೆಗೆ ತಂತಿ ಒಳ್ಳೇದು, ಕಾಲಿಟ್ಟು ಬರುವಷ್ಟೇ ಅಲ್ವಾ? ಒಂದೇ ಕಡೆ ಕೂತವರ ಅಡಿಯಲ್ಲಿ ಬಿಸಿ ಸಿಕ್ಕಿಹಾಕಿಕೊಂಡ್ರೆ ತಂತಿ ಏರ್ತಾ ಹೋಗ್ತದೆ. ನೀರು ಹಾಗಲ್ಲ, ಕೊಟ್ಟ ಬಿಸಿಗಿಂತ ಮೇಲೆ ಹೋಗುದಿಲ್ಲ," ಎಂದರು ಕೊರಗಪ್ಪ.

ಮಿರ್ಕಾಬಿನ ಆಫೀಸಿನಲ್ಲಿ ನಕ್ಷೆ ಬರೆಯುವ ಎಂಜಿನಿಯರ್ ಮರೀನಾ ಒಪ್ಪಿದರು, ಜೊತೆಗೆ ಗದರಿದರು: "ಕೊರಗಪ್ಪಣ್ಣ, ಬಾಗಿಲ ಹತ್ರ ಪೈಪ್ ಒತ್ತೊತ್ತಾಗಿ ಹಾಕಿ. ಚಳಿ ನುಗ್ಗುದೇ ಅಲ್ಲಿಂದ. ಅಂದಕ್ಕೆ ಸಮ ಹಾಕ್ಲಿಕ್ಕೆ ಇದು ರಂಗೋಲಿ ಅಲ್ಲ!" ಅವರ ಮಾತಿನಂತೆಯೇ ಹಾಕಿದರು. ಅದಕ್ಕಾಗಿ ಹಜಾರದ ಹಳೆಯ ಅಮೃತಶಿಲೆ ಪೂರಾ ಒಡೆಯಬೇಕಾಯಿತು. ಸಾಲೆಂ ಆ ದಿನ ಮನೆಯಲ್ಲಿರಲಿಲ್ಲ. ನೋಡಲಾರೆ ಎಂದು ಹೋಗಿದ್ದರು.

ಈಗ ಕೊರಗಪ್ಪ ಏಳುತ್ತಾರೆ. ಕೆನ್ನೆ ಕೆಂಪಾಗಿದೆ, ಮುಖದಲ್ಲಿ ಗೆದ್ದ ಕಳೆಯಿದೆ. ಮನೆಯವರು ದಪ್ಪ ಕಂಬಳಿ ಹಾಸಿ, ಮೇಲೊಂದು ಹಾಸಿಗೆಯಿಟ್ಟು, ಮಾಮಾರನ್ನು ಕೈಹಿಡಿದು ಕೂರಿಸುತ್ತಾರೆ. ಎಲ್ಲರೂ ಕಾಯುತ್ತಾರೆ. ಗಾವಾ ಒಂದು ಸುತ್ತು ಮುಗಿಯುತ್ತದೆ.

"ಬಾರಿದ್," ಎನ್ನುತ್ತಾರೆ ಮಾಮಾ. ತಣ್ಣಗಿದೆ.

ಸಾಲೆಂ ಮಹಡಿಯ ಮೆಟ್ಟಿಲ ಕಡೆ ನೋಡುತ್ತಾರೆ. ಬರ್ನಾರ್ಡ್ ತಲೆ ತಗ್ಗಿಸುತ್ತಾರೆ. ಕೊರಗಪ್ಪನವರ ಕಣ್ಣು ಕಂಬಳಿಯ ಮೇಲೆ ಬೀಳುತ್ತದೆ. ನಕ್ಷೆಯಲ್ಲಿ ಕಂಬಳಿ ಇರಲಿಲ್ಲ. ಅವರು ಕೂತು ನೋಡಿದ ಬೆಳಗಿನಲ್ಲಿ ಅದು ಇತ್ತು. ಕೂತಿದ್ದು ಅದರ ಮೇಲೆಯೇ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊಣಕಾಲೂರಿ ಕಂಬಳಿಯ ಮೂಲೆ ಎತ್ತುತ್ತಾರೆ.

"ಮಾಮಾ, ಇಲ್ಲಿ ಒಮ್ಮೆ ಕೈ ಹಾಕಿ."

ಮಾಮಾ ಕೈ ತೂರಿಸುತ್ತಾರೆ. ಹೊದಿಕೆಯೊಳಗೆ ಮಲಗಿದ ಬೆಕ್ಕನ್ನು ಮುಟ್ಟಿದವರಂತೆ ಬೆಚ್ಚಿ, ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಗುತ್ತಾರೆ. ಬಿಸಿ ಅಲ್ಲಿದೆ! ಇಷ್ಟು ಹೊತ್ತೂ ಕಂಬಳಿಯಡಿ ಅಡಗಿ ಕೂತಿದೆ! ಮಗನತ್ತ ತಿರುಗಿ ಗದರಿಸುತ್ತಾರೆ: "ಖಲಾಸ್! ನೀನು ತಂದ ಈ ಆನೆಚರ್ಮ ಹೊರಗೆ ಹಾಕು. ನನ್ನಮ್ಮನ ಸದು ತಾ!"

ಸದು ಎಂದರೆ ಗುಡಾರದಲ್ಲಿ ಕೈಯಿಂದ ನೇಯ್ದ ಕೆಂಪು ಜಮಖಾನ. ಪೆಟ್ಟಿಗೆಯಿಂದ ಹೊರಬಂದ ಅದು ಎಷ್ಟು ತೆಳುವೆಂದರೆ ಕಲ್ಲಿನ ಅಂಚುಗಳೂ ಮೂಡುತ್ತವೆ. ಮಾಮಾ ಕೂರುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಕಾಲುಚೀಲ ಕಳಚುತ್ತಾರೆ. ಮಂಡಿ ನಿಧಾನಕ್ಕೆ ಮಡಚುತ್ತದೆ.

"ದಾಫಿ," ಎನ್ನುತ್ತಾರೆ. ಬೆಚ್ಚಗಿದೆ. ಸಾಲೆಂ ನಾಷ್ಟಾಕ್ಕೆ ಮೇಜಿಗೆ ಕರೆದರೆ, "ಇಲ್ಲಿಗೇ ತನ್ನಿ" ಎಂಬ ಅಪ್ಪಣೆ. ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಂದು ಸುತ್ತ ಕೂರುತ್ತಾರೆ. ಮಹಡಿಯ ಕುರ್ಚಿ ಈಗ ಯಾರಿಗೂ ನೆನಪಿಲ್ಲ.

ಬಾಗಿಲಲ್ಲಿ ಬೂಟು ಹಾಕುತ್ತಿದ್ದ ಕೊರಗಪ್ಪನವರನ್ನು ಮಾಮಾ ಕೂಗುತ್ತಾರೆ: "ಕೋರಾ! ತಣ್ಣಗಿದ್ದಾಗ ಕೂತೆ, ಬೆಚ್ಚಗಾದಾಗ ಓಡುತ್ತೀಯಾ?"

ಅವರು ಬೂಟು ಮತ್ತೆ ಬಿಚ್ಚುತ್ತಾರೆ. ಸದುವಿನ ಅಂಚಿನಲ್ಲಿ ಕಾಲು ಮಡಚಿ ಕೂರುತ್ತಾರೆ. ಹೊರಗೆ ಬರ್ನಾರ್ಡ್‌ರ ವ್ಯಾನ್ ಹಾರ್ನ್ ಹೊಡೆಯುತ್ತಿದೆ. ಮುಂದಿನ ಮನೆ ಕಾಯುತ್ತಿದೆ.

"ತಣ್ಣಗಿನ ನೆಲದಲ್ಲಿ ಎಲ್ಲ ಮನೆಯಲ್ಲೂ ಕೂತಿದ್ದೇನೆ," ಎನ್ನುತ್ತಾರೆ ಕೊರಗಪ್ಪ. "ಬಿಸಿಯಾದ ಮೇಲೆ ಕೂತದ್ದು ಇದೇ ಸುರು. ಪರ್ವಾಗಿಲ್ಲ, ಒಳ್ಳೇದೇ ಮಾಡಿದ್ದೇವೆ."

ಹಾರ್ನ್ ಮತ್ತೆ ಕೂಗುತ್ತದೆ. ಅವರು ಏಳುವುದಿಲ್ಲ.