ಟೈಲರಮ್ಮನ ಬಿಳಿ ತಗಡು

ಟೈಲರಮ್ಮ ಬಾಯಿಬಡುಕಿಯಲ್ಲ, ಆದರೆ ಬಟ್ಟೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ. ಎರಡು ಬೆರಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ಅರಿವೆಯ ಜಾತಕವನ್ನೇ ಹೇಳಿಬಿಡುತ್ತಾಳೆ. ಇಪ್ಪತ್ತು ವರ್ಷದಿಂದ ಅವಳು ಹೊಲಿಯುವುದು ಮಹಡಿಯ ತಗಡಿನ ಕೋಣೆಯಲ್ಲಿ. ಮಿಷನ್ನಿನ ಪಕ್ಕದ ಮಂಚದ ಮೇಲೆ, ಸೊಂಟ ಮುರಿದುಕೊಂಡು ಮಲಗಿದ ಅತ್ತೆ. ಸೊಸೆ ಹೊಲಿಯುತ್ತಾಳೆ, ಅತ್ತೆ ತಪ್ಪು ಹುಡುಕುತ್ತಾಳೆ. ಇಬ್ಬರಿಗೂ ಹೊತ್ತು ಹೋಗುವುದು ಹಾಗೆಯೇ.

ಈ ಬೇಸಿಗೆಯಲ್ಲಿ ಅತ್ತೆ ಎರಡು ಸಲ ಎಚ್ಚರ ತಪ್ಪಿದಳು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ಈ ಕಾದ ತಗಡಿನ ಕೆಳಗೆ ಇನ್ನು ಇವರನ್ನ ಇಡ್ಬೇಡಿ." ಕೆಳಗಿನ ಮನೆಯಲ್ಲಿ ಬಾಡಿಗೆಯವರಿದ್ದರು. ದೂರದೂರಿನ ನಾದಿನಿ ಫೋನು ಮಾಡಿ, ಮುಂದಿನ ತಿಂಗಳು ಬಂದು ಅಮ್ಮನನ್ನು ಕರೆದೊಯ್ಯುತ್ತೇನೆ ಎಂದಳು.

"ಕರ್ಕೊಂಡ್ಹೋಗು, ನನಗೂ ಹಗುರ," ಎಂದಳು ಟೈಲರಮ್ಮ. ಅದು ಹಸೀ ಸುಳ್ಳು. ಆ ಮಂಚ ಖಾಲಿಯಾಗುವುದು ಅವಳಿಗೆ ಬೇಕಿರಲಿಲ್ಲ. ಮಾಡಿನ ತಗಡನ್ನೇ ಬದಲಿಸೋಣವೆಂದು ಮರುದಿನವೇ ಗಂಡನನ್ನು ಎಳೆದುಕೊಂಡು ಶೀಟಿನ ಅಂಗಡಿಗೆ ಹೋದಳು.

ಅಂಗಡಿಯಾತ ತೆಳುವಾದ ಬಿಳಿ ಶೀಟು ತೋರಿಸಿ, ಇದು ಬಿಸಿಲನ್ನು ವಾಪಸು ಎಸೆಯುತ್ತದೆ, ಕರೆಂಟೂ ಉಳಿಯುತ್ತದೆ ಎಂದ. ಅವಳು ಬೆರಳಲ್ಲಿ ಉಜ್ಜಿ ಮೂಗು ಮುರಿದಳು.

"ಇದೇನ್ರೀ, ಲೈನಿಂಗ್ ಬಟ್ಟೆ ಥರ ಇದೆ! ಆ ಕಡುನೀಲಿ ಕೊಡಿ, ಒಳ್ಳೆ ದಪ್ಪಗಿದೆ."

ಗಂಡನಿಗೂ ನೀಲಿಯೇ ಚೆಂದ ಕಂಡಿತು. ತಗಡನ್ನು ಅರಿವೆಯಂತೆ ಅಳೆಯುವವಳು ಊರಿಗೆ ಇವಳೊಬ್ಬಳೇ ಇರಬೇಕು. ಅಂಗಡಿಯಾತ ವಾದಿಸಲಿಲ್ಲ. ಎರಡರದೂ ಒಂದೊಂದು ತುಂಡು ಕೊಟ್ಟು, ನೋಡಿ ಹೇಳಿ ಎಂದು ಕಳಿಸಿದ.

"ದಪ್ಪ ಕರೀ ಕೋಟು ಹಾಕ್ಕೊಂಡು ಬಿಸಿಲಲ್ಲಿ ನಿಂತ್ಕೋ ಹೋಗು, ತಂಪಾಗುತ್ತೆ," ಎಂದು ಮನೆಗೆ ತಂದ ತುಂಡುಗಳನ್ನು ನೋಡಿ ಅತ್ತೆ ಮಲಗಿದಲ್ಲಿಂದಲೇ ಚುಚ್ಚಿದಳು.

ಮಾತು ನಾಟಿತು. ದಾರಕ್ಕೆ ಸವರುವ ಮೇಣದ ಚೂರುಗಳನ್ನು ಟೈಲರಮ್ಮ ಎರಡೂ ತುಂಡುಗಳ ಅಡಿಗೆ ಅಂಟಿಸಿ, ಬಿಸಿಲಲ್ಲಿ ಇಟ್ಟಿಗೆಗಳ ಮೇಲಿಟ್ಟು, ನಡು ಮಧ್ಯಾಹ್ನ ಬಗ್ಗಿ ನೋಡಿದಳು. ನೀಲಿಯ ಅಡಿಯ ಮೇಣ ಕರಗಿ ತೊಟ್ಟಿಕ್ಕಿತ್ತು. ಬಿಳಿಯದರ ಮೇಣ ಜಪ್ಪಯ್ಯ ಅಂದರೂ ಕದಲಿರಲಿಲ್ಲ. ತನ್ನ ಬೆರಳುಗಳ ಬಗ್ಗೆ ಮೊದಲ ಸಲ ಅವಳಿಗೆ ನಾಚಿಕೆಯಾಯಿತು, ಆದರೆ ಖುಷಿ ಅದಕ್ಕಿಂತ ದೊಡ್ಡದಿತ್ತು.

ಬಿಳಿ ಶೀಟು ಏರಿತು, ಅದರಡಿ ಕಾವು ತಡೆಯುವ ಹಾಳೆಯೂ ಸೇರಿತು. ನಾದಿನಿ ಬಂದದ್ದು ಸುಡುಸುಡು ಮಧ್ಯಾಹ್ನ. ಅಮ್ಮ ಗೊರಕೆ ಹೊಡೆಯುತ್ತಿದ್ದಳು. ನಾದಿನಿ ತಲೆಯೆತ್ತಿ ಹೊಸ ಮಾಡನ್ನು ನೋಡಿದಳು, ಮಂಚದ ತುದಿಯಲ್ಲಿ ಕೂತಳು. ಟೈಲರಮ್ಮನ ಕಾಲು ಪೆಡಲಿನ ಮೇಲೆಯೇ ನಿಂತುಬಿಟ್ಟಿತು.

ಮುದುಕಿ ಕಣ್ಣು ಬಿಟ್ಟು, ಮಗಳನ್ನು ಕಾಣುವ ಮುಂಚೆಯೇ ಸೊಸೆಯ ಮೇಲೆ ರೇಗಿದಳು. "ಮಿಷನ್ ಯಾಕೆ ನಿಲ್ಲಿಸ್ದೆ? ಮೈ ತಣ್ಣಗಾಗ್ತಿದೆ, ಏನಾದ್ರೂ ಹೊದಿಸೇ!"

ನಾದಿನಿಯೇ ಎದ್ದು ಹೊದಿಸಿದಳು. "ಇಲ್ಲೇ ಇರಮ್ಮ," ಎಂದಳು.