ಖಲಾಸ್ ಎನ್ನಲಾಗದ ಕೊಳ

ಕುವೈತಿನ ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನವರು ಉಡುಪಿ ಕಡೆಯವರು. ಅವರ ಮನೆಮಾತು ತುಳು, ನನ್ನದು ಕೊಂಕಣಿ. ಹಾಗಾಗಿ ನಮ್ಮ ನಡುವೆ ಕನ್ನಡ. ಮೀನಾ ಅಲ್ ಅಹ್ಮದಿಯ ತೈಲ ಸಂಸ್ಕರಣಾಗಾರದಲ್ಲಿ ಪೈಪಿನ ಜಾಯಿಂಟುಗಳನ್ನು ಪರೀಕ್ಷಿಸುವುದು ಆಗ ಆ ಮನೆಯ ಯಜಮಾನರ ಕೆಲಸ. ಸಾಬೂನು ನೀರು ಬಿಟ್ಟು, ಗುಳ್ಳೆ ಏಳುತ್ತದೋ ಎಂದು ಕಾದು ನೋಡಿದ ಮೇಲಷ್ಟೇ "ಖಲಾಸ್" ಎನ್ನುವ ಮನುಷ್ಯ. ನನ್ನ ಮನೆಯ ಗ್ಯಾಸ್ ಸಿಲಿಂಡರಿಗೂ ಅವರದೇ ಸಾಬೂನು.

ಹೋದ ವರ್ಷ ಅವರ ಕಾಂಟ್ರ್ಯಾಕ್ಟ್ ಮುಗಿಯುವುದರಲ್ಲಿತ್ತು. ಅಷ್ಟರಲ್ಲಿ ಅಲಾಸ್ಕಾದಿಂದ ಕರೆ ಬಂತು. ಅಲ್ಲಿ ತೆರೆಯಲಿರುವ ತಾಮ್ರದ ಗಣಿಯಲ್ಲಿ, ಅದಿರು ತೊಳೆದ ವಿಷದ ನೀರನ್ನು ದೊಡ್ಡ ಕೊಳಕ್ಕೆ ಸಾಗಿಸುವ ಪೈಪುಗಳ ಹೊಣೆ. ಸಂಸಾರ ಸಮೇತ ಹೋಗಬಹುದು. ಆ ಖುಷಿಗೆ ಅಲ್ಲಿಯ ಮೀನೆಂದು ಸಾಲ್ಮನ್ ತಂದು ನನ್ನನ್ನೂ ಊಟಕ್ಕೆ ಕರೆದರು.

"ತಲೆಯೇ ಇಲ್ಲದ ಮೀನು ಮಾರಾಯ್ರೆ, ತಾಜಾ ಉಂಟಾ ಅಂತ ಕಿವಿರು ನೋಡುದು ಎಲ್ಲಿಂದ?" ಎಂದರು ಅವರ ಹೆಂಡತಿ. ಬಂಗುಡೆಗೆ ಮಾಡುವಂತೆ ಹುಳಿ-ಖಾರದ ಪುಳಿಮುಂಚಿ ಮಾಡಿ, ಇಡೀ ದಿನ ಮಸಾಲೆಯಲ್ಲೇ ಬಿಟ್ಟು, ಮತ್ತೆ ಕುದಿಸಿದ್ದರು. ಮೀನು ಪುಡಿಪುಡಿಯಾಗಿ ಸಾರಿನಲ್ಲಿ ಸೇರಿಹೋಗಿತ್ತು.

ಊಟದ ನಡುವೆ ಮಗಳು ಫೋನ್ ಮುಂದೆ ಹಿಡಿದಳು. ಗಣಿಯ ಕೆಳಗಿನ ಹೊಳೆಯ ವಿಡಿಯೊ ಅಂತೆ. ಹುಟ್ಟಿದ ನೀರಿಗೇ ಮೊಟ್ಟೆಯಿಡಲು ಸಮುದ್ರದಿಂದ ಹಿಂದಿರುಗಿ ಮೈ ಕೆಂಪಾದ ಸಾಲ್ಮನ್‌ಗಳಿಂದ ಹೊಳೆಯೇ ಕೆಂಪು. ನೀರು ಧುಮುಕುವ ಅಬ್ಬಿಯ ಮೇಲೆ ಕರಡಿ ಬಾಯಿ ತೆರೆದು ನಿಂತಿದೆ. ಮೀನು ಹಾರಿ ಬಂದು ಬಾಯಿಗೇ ಬೀಳುತ್ತದೆ.

"ನಿಮ್ಮ ಹಾಗೆಯೇ. ಊಟ ಕೂತಲ್ಲಿಗೇ ಬರಬೇಕು," ಎಂದರು ಹೆಂಡತಿ ಗಂಡನಿಗೆ.

ಮಗಳು ನಗಲಿಲ್ಲ. "ಪಪ್ಪಾ, ಪೈಪ್ ಲೀಕ್ ಆದ್ರೆ ಫಿಶ್ ಎಲ್ಲ ಸಾಯ್ತದಾ?"

"ನಾನಿರುವಾಗ ಲೀಕ್ ಆಗುದಿಲ್ಲ."

"ನೀವು ರಿಟೈರ್ ಆದ್ಮೇಲೆ?"

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತಾಮ್ರ ಮುಗಿದ್ರೂ ಆ ಕೊಳ ಅಲ್ಲೇ ಇರ್ತದೆ ಅಲ್ವಾ? ಅದಕ್ಕೆ ಖಲಾಸ್ ಅಂತ ಹೇಳ್ಲಿಕ್ಕೆ ಆಗುದೇ ಇಲ್ಲ," ಎಂದರು.

"ಹೋಗದಿದ್ರೆ ಇವಳ ಶಾಲೆ? ಕಾಂಟ್ರ್ಯಾಕ್ಟ್ ಮುಗಿದ್ಮೇಲೆ ಇಲ್ಲಿರ್ಲಿಕ್ಕೆ ನಮ್ಮ ಇಕಾಮಾ?" ಎಂದರು ಹೆಂಡತಿ.

"ನೋಡುವ."

ಅವರು ಹೋಗಲಿಲ್ಲ. ಈಗ ಇಲ್ಲೇ ಕುವೈತಿನ ಸಾಲ್ಮಿಯಾದಲ್ಲಿ ಕಟ್ಟಡವೊಂದರ ಎಸಿ ಪೈಪುಗಳನ್ನು ನೋಡಿಕೊಳ್ಳುತ್ತಾರೆ, ಸಂಬಳ ಮೊದಲಿನಷ್ಟಿಲ್ಲ. ಅಲಾಸ್ಕಾಕ್ಕೆ ಬೇರೆ ಯಾರಾದರೂ ಹೋಗಿರಬಹುದು. ಗಣಿ ತೆರೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

"ಯಾವುದೋ ಕರಡಿಯ ಊಟಕ್ಕೆ ನಮ್ಮ ಅಲಾಸ್ಕಾ ಹೋಯ್ತು," ಎಂದು ಹೆಂಡತಿ ಈಗಲೂ ಹಂಗಿಸುತ್ತಾರೆ. ಹಂಗಿಸುತ್ತಲೇ ಅಂಗಡಿಯ ಬಂಗುಡೆಯ ಕಿವಿರು ಎತ್ತಿ ನೋಡುತ್ತಾರೆ.