ಏಳನೇ ನಂಬರಿನ ಚೀಟಿ

ಬೆಳಗಿನ ಐದೂವರೆ. ಲ್ಯಾಬಿನ ಉದ್ದನೆಯ ಮೇಜಿನ ಮೇಲೆ ನಾಲ್ಕು ಕಂದು ಬಾಟಲಿಗಳು. ಫ್ರೀಜರಿನಿಂದ ಈಗಷ್ಟೇ ಹೊರಬಂದ ಅವುಗಳ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾರೆ. ಮುಟ್ಟುವುದಿಲ್ಲ, ಮಾತಾಡುವುದಿಲ್ಲ. ಇವರ ಕೆಲಸ ನೋಡಿ ಬರೆಯಲು ಬಂದ ನಾನು ಕೆಮ್ಮಿದರೂ ಹುಬ್ಬು ಗಂಟಿಕ್ಕುತ್ತಾರೆ.

“ಇನ್ನೂ ತಣ್ಣಗಿವೆ. ಈಗ ಮುಚ್ಚಳ ತೆಗೆದ್ರೆ ಗಾಳಿಯಲ್ಲಿರೋ ನೀರು ಒಳಗೆ ಹೋಗಿ ಕೂರತ್ತೆ. ಆಮೇಲೆ ಮುಗೀತು ಕಥೆ.”

ಇವರು ಆಲಿಗೊನ್ಯೂಕ್ಲಿಯೋಟೈಡ್ ರಸಾಯನತಜ್ಞೆ. ಗಾಬರಿಯಾಗಬೇಡಿ, ನನಗೂ ಮೊದಲ ಸಲ ನಾಲಿಗೆ ಹೊರಳಲಿಲ್ಲ. ಇವರ ಅಕ್ಕನ ಮಗಳು ಇಟ್ಟ ಹೆಸರು ಸುಲಭ: ಬಾಟಲಿ ಚಿಕ್ಕಮ್ಮ. ನಾವೂ ಹಾಗೇ ಕರೆಯೋಣ.

ಕೆಲವು ಮಕ್ಕಳ ನರಕೋಶಗಳಲ್ಲಿ ಹುಟ್ಟಿನಿಂದಲೇ ಒಂದು ತಪ್ಪು ಸಂದೇಶ ಓಡಾಡುತ್ತಿರುತ್ತದೆ. ಅದರಿಂದ ಕೈಕಾಲಿನ ಹಿಡಿತ ದಿನೇ ದಿನೇ ತಪ್ಪುತ್ತದೆ. ಆ ಸಂದೇಶಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುವ ಪುಟ್ಟದೊಂದು ಸರವೇ ಚಿಕ್ಕಮ್ಮನ ಔಷಧಿ. ನಾಲ್ಕು ಬಗೆಯ ಮಣಿ, ಒಟ್ಟು ಇಪ್ಪತ್ತು, ಯಾವುದರ ಪಕ್ಕ ಯಾವುದು ಎಂಬುದು ಮೊದಲೇ ಗೊತ್ತು. ಕಣ್ಣಿಗೆ ಕಾಣದ ಆ ಮಣಿಗಳನ್ನು ಪೋಣಿಸುವುದು ಯಂತ್ರ, ಕಾಯುವುದು ಇವರು.

ಏಳೂವರೆಗೆ ಬಾಟಲಿಗಳನ್ನು ಕೆನ್ನೆಗೆ ತಾಗಿಸಿ ನೋಡಿ, ಮುಚ್ಚಳ ತೆಗೆದು ಯಂತ್ರಕ್ಕೆ ಜೋಡಿಸುತ್ತಾರೆ. ಅರ್ಧ ಗಂಟೆಗೆ ಒಂದು ಮಣಿ. ಅದು ಸರಿಯಾಗಿ ಕೂತಿದ್ದರೆ ಗಾಜಿನ ನಳಿಕೆಯಲ್ಲಿ ಗಾಢವಾದ ಕಿತ್ತಳೆ ಬಣ್ಣ ಹರಿದು ಹೋಗುತ್ತದೆ.

“ಒಂದು,” ಎನ್ನುತ್ತಾರೆ ಚಿಕ್ಕಮ್ಮ, ಜೋರಾಗಿ. ಕಂಪ್ಯೂಟರು ತಾನೇ ಲೆಕ್ಕ ಇಡುತ್ತದಲ್ಲ ಎಂದರೆ ನಗುತ್ತಾರೆ. “ಇಡತ್ತೆ. ಆದ್ರೆ ಇಡೀ ದಿನದಲ್ಲಿ ನಾನು ಬಾಯಿ ಬಿಡೋದು ಈ ಇಪ್ಪತ್ತು ಸಲ ಮಾತ್ರ. ಅದನ್ನೂ ಕಿತ್ಕೋಬೇಡಿ.”

ಉತ್ಪ್ರೇಕ್ಷೆಯಲ್ಲ. ತೇವ ಬರದಿರಲೆಂದು ಬಾಗಿಲು ಸದಾ ಮುಚ್ಚಿರುತ್ತದೆ. ಎದುರಿಗೆ ಕೂರುತ್ತಿದ್ದ ಸಹೋದ್ಯೋಗಿ ನಿವೃತ್ತರಾಗಿ ಎರಡು ವರ್ಷವಾಯಿತು, ಅವರ ಕುರ್ಚಿಯ ಮೇಲೀಗ ಕೈಗವಸಿನ ಡಬ್ಬಿಗಳಿವೆ. ಮನೆಯಲ್ಲೂ ಒಬ್ಬರೇ. ಮದುವೆಯಾಗಲಿಲ್ಲ. “ಕೇಳಿದ್ರು, ಇಲ್ಲ ಅಂತಲ್ಲ. ಆವತ್ತೂ ಯಾವ್ದೋ ಬಾಟಲಿ ತೆಗೆದಿಟ್ಟಿದ್ದೆ.”

ಔಷಧಿ ಯಾರಿಗೆ ಹೋಗುತ್ತದೆ ಎಂದು ಇವರಿಗೆ ತಿಳಿಸುವಂತಿಲ್ಲ, ಅದು ನಿಯಮ. ನಾಲ್ಕು ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ಒಂದು ಚೀಟಿ ಬರುತ್ತದೆ: ನಂಬರ್ ಏಳು, ಹೆಣ್ಣು, ವಯಸ್ಸು ಆರು, ತೂಕ ಇಷ್ಟು. ಅದನ್ನು ನೋಡಿ ಹೊಸದಾಗಿ ಸರ ಪೋಣಿಸಬೇಕು. “ಚೀಟಿ ಬಂತು ಅಂದ್ರೆ ಮಗು ಇನ್ನೂ ಬದುಕಿದೆ ಅಂತ. ನನಗೆ ಬರೋ ಕಾಗದ ಅದೊಂದೇ.”

ಕಳೆದ ಸಲ ಅಕ್ಕನ ಮಗಳ ಮದುವೆಯ ದಿನವೇ ಕೆಲಸ ಬಿತ್ತು. ಬೇಗ ಹೊರಡುವ ಆತುರದಲ್ಲಿ ಚಿಕ್ಕಮ್ಮ ಬಾಟಲಿಗಳನ್ನು ನಲವತ್ತು ನಿಮಿಷ ಮೊದಲೇ ತೆರೆದುಬಿಟ್ಟರು. ಹನ್ನೊಂದನೆಯ ಮಣಿಗೆ ಬಣ್ಣ ಮಂಕಾಯಿತು. “ಕಣ್ಣಾರೆ ನೋಡಿದೆ. ನನ್ನ ಭ್ರಮೆ ಇರ್ಬೋದು ಅಂದ್ಕೊಂಡು ಯಂತ್ರ ಅದರ ಪಾಡಿಗೆ ಬಿಟ್ಟು ಹೋದೆ. ಮದುವೆ ಊಟ ಮಾಡ್ದೆ, ಫೋಟೋಗೆ ನಿಂತೆ.” ಮರುದಿನ ಪರೀಕ್ಷೆಯಲ್ಲಿ ಇಡೀ ಸರ ಕೆಟ್ಟಿರುವುದು ಗೊತ್ತಾಯಿತು. ತಪ್ಪು ತಮ್ಮದೇ ಎಂದು ತಾವೇ ಬರೆದುಕೊಟ್ಟರು. ಹೊಸ ಬಾಟಲಿ ತರಿಸಿ, ಮತ್ತೆ ಪೋಣಿಸಿ ಕಳಿಸುವಷ್ಟರಲ್ಲಿ ಆರು ವಾರ ತಡವಾಯಿತು.

ಆಮೇಲೆ ಅಕ್ಕನ ಮನೆಯ ಮೆಟ್ಟಿಲು ಹತ್ತಿಲ್ಲ. ಬೈದವರು ಯಾರೂ ಇಲ್ಲ. ಆದರೆ ಆ ಮದುವೆಯ ಫೋಟೋ ಅಲ್ಲಿನ ಗೋಡೆಯ ಮೇಲಿದೆಯಂತೆ, ಅದರಲ್ಲಿ ತಾನು ನಗುತ್ತಿದ್ದೇನೆ, ನೋಡಲಾಗುವುದಿಲ್ಲ ಎನ್ನುತ್ತಾರೆ.

ಈ ಸಲ ಚೀಟಿ ಬರಬೇಕಾದ ದಿನಕ್ಕೆ ಬರಲಿಲ್ಲ. ಒಂದು ವಾರ, ಎರಡು ವಾರ. ಕೇಳುವಂತಿಲ್ಲ, ಕೇಳಿದರೂ ಹೇಳುವವರಿಲ್ಲ. ಆ ದಿನಗಳಲ್ಲಿ ಏನು ಮಾಡಿದಿರಿ ಎಂದೆ. “ಏನ್ ಮಾಡ್ಲಿ? ಖಾಲಿ ನಳಿಕೆ ತೊಳೀತಾ ಕೂತೆ.” ಮೂರು ವಾರ ಕಳೆದ ಮೇಲೆ, ಮೊನ್ನೆ ಸೋಮವಾರ, ಚೀಟಿ ಬಂತು.

ಸಂಜೆ ಐದೂವರೆಗೆ ನಳಿಕೆಯಲ್ಲಿ ಕೊನೆಯ ಕಿತ್ತಳೆ ಹರಿಯುತ್ತದೆ. “ಇಪ್ಪತ್ತು.” ಬಣ್ಣ ಒಂದು ಸಲವೂ ಮಂಕಾಗಲಿಲ್ಲ, ನಾನೇ ಸಾಕ್ಷಿ. ಆಗ ಜೇಬಿನಿಂದ ಚೀಟಿ ತೆಗೆದು, ತೂಕದ ಸಾಲಿನ ಕೆಳಗೆ ಬೆರಳಿಟ್ಟು ನನಗೆ ತೋರಿಸುತ್ತಾರೆ.

“ಹದಿನಾರು ಇದ್ಲು, ಹದಿನೆಂಟು ಆಗಿದ್ದಾಳೆ. ಮೈ ತುಂಬ್ಕೊಂಡಿದ್ದಾಳೆ, ನೋಡಿ. ಖುಷಿ ತಡೀಲಾರದೆ ಅಕ್ಕಂಗೆ ಫೋನ್ ಮಾಡ್ದೆ, ಐದು ತಿಂಗಳಾದ್ಮೇಲೆ. ‘ಮಗು ಎರಡು ಕೆಜಿ ಜಾಸ್ತಿ ಆಗಿದೆ ಕಣೇ’ ಅಂದೆ. ‘ಯಾರ ಮಗುನೇ?’ ಅಂದ್ಲು.”

ಚೀಟಿಯನ್ನು ಮಡಚಿ ಜೇಬಿಗಿಡುತ್ತಾರೆ.

“ಏನ್ ಹೇಳ್ಲಿ? ‘ಗೊತ್ತಿರೋರ ಮಗು’ ಅಂದೆ.”